ಪಟ್ಟೆ ಡಿಸೆಂಬರ್ ಹೂವಿಗೆ ಹನ್ನೊಂದು ಬ್ಲೌಸು

ನರ್ಸರಿಯಲ್ಲಿ ನಲವತ್ತು ರೂಪಾಯಿಗೆ ಸಿಗುವ ಗಿಡ. ಅದರ ಹೂವಿಗೆ ನಾನು ಕೊಟ್ಟದ್ದು ಹನ್ನೊಂದು ಬ್ಲೌಸು. ಹನ್ನೊಂದಕ್ಕೂ ಲೈನಿಂಗು, ಮೂರಕ್ಕೆ ಬೆನ್ನಿಗೆ ದಾರ, ದಾರದ ತುದಿಗೆ ಗೊಂಡೆ. ಅದೂ ಪೊಂಗಲ್ ಹತ್ತಿರ ಬಂದು ನನ್ನ ಹೊಲಿಗೆ ಅಂಗಡಿಯ ನಾಲ್ಕು ಮೆಷಿನ್ನೂ ಬಿಡುವಿಲ್ಲದೆ ಓಡುವ ದಿನಗಳಲ್ಲಿ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಟಿ. ನಗರದಲ್ಲಿ ‘ಒಂದೇ ಬೆಲೆ’ ಎಂಬ ಬೋರ್ಡಿನ ಕೆಳಗೇ ನಿಂತು ಬೆಲೆ ಇಳಿಸಿಕೊಂಡವಳು ನಾನು. ಗುಂಡ್ಲುಪೇಟೆಯಿಂದ ಮದುವೆಯಾಗಿ ಚೆನ್ನೈಗೆ ಬಂದಾಗ ತಮಿಳಿನಲ್ಲಿ ಮೊದಲು ಕಲಿತ ಮಾತೇ ‘ಕೊರೆಚ್ಚುಕ್ಕೋಂಗ’, ಕಡಿಮೆ ಮಾಡಿಕೊಳ್ಳಿ ಅಂತ. ‘ನೀರು ಕೊಡಿ’ ಅನ್ನುವುದನ್ನು ಆಮೇಲೆ ಕಲಿತೆ. ಅಂಥವಳು ಬಾಯಿ ಮುಚ್ಚಿಕೊಂಡು ಹನ್ನೊಂದಕ್ಕೆ ತಲೆಯಾಡಿಸಿದ್ದಕ್ಕೆ ಕಾರಣ ಒಂದು ಕೆಂಪು ದಾರ. ಅದನ್ನು ಬಿಚ್ಚಿದ ಕೈ ನನ್ನದೇ.

ಡಿಸೆಂಬರ್ ಹೂವಿಗೆ ವಾಸನೆಯಿಲ್ಲ. ಹಾಗಾಗಿ ಹೂ ಮೂಸಿದರೆ ನನಗೆ ಏನೂ ನೆನಪಾಗುವುದಿಲ್ಲ. ನೆನಪಾಗುವುದು ನೆನೆಸಿಟ್ಟ ಕಡಲೆಹಿಂಡಿಯ ಹುಳಿ ನಾತಕ್ಕೆ. ಮೊನ್ನೆ ಬೆಳಿಗ್ಗೆ ಬಾಲ್ಕನಿಯಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಮಗಳು ಒಳಗಿನಿಂದಲೇ ‘ಅಯ್ಯೋ ಅಮ್ಮಾ, ನಾತ್ತಂ!’ ಎಂದು ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಪುರಸೈವಾಕ್ಕಂನ ಆ ಹಳೆಯ ಮನೆಯ ಕಾಂಪೌಂಡು, ಅದರ ಕೊನೆಯ ಮಾರ್ಗಳಿ ಅಂದರೆ ಧನುರ್ಮಾಸ, ಆಮೇಲಿನ ಒಂದು ವರ್ಷ ಪೂರ್ತಿ ಕಣ್ಣ ಮುಂದೆ ಬಂದು ನಿಂತಿತು.

ಆ ಮನೆಯ ಮುಂಭಾಗದ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಒಂದೇ ಮೆಷಿನ್ ಇಟ್ಟುಕೊಂಡು ನಾನು ಹೊಲಿಗೆ ಶುರು ಮಾಡಿದ್ದು. ಮನೆ ರುಕ್ಕು ಮಾಮಿಯದು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದ ಮಾಧ್ವರು. ಮಾಮಿಯ ಮಾತು ಅರ್ಧ ಕನ್ನಡ, ಅರ್ಧ ತಮಿಳು, ಮಧ್ಯೆ ಬ್ಯಾಂಕಿನಲ್ಲಿ ದುಡಿದ ಇಂಗ್ಲಿಷು. ಅವರ ಜೊತೆ ಇದ್ದವರು ನಾದಿನಿ ಚಂಪಾ, ಟೆಲಿಫೋನ್ ಆಫೀಸಿನಿಂದ ನಿವೃತ್ತರಾದವರು, ಮದುವೆಯಾಗದವರು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ವರ್ಷದ ಹನ್ನೊಂದು ತಿಂಗಳು ಇಬ್ಬರೂ ಜಗಳವಾಡುತ್ತಿದ್ದರು. ಫ್ಯಾನಿನ ವೇಗ, ಹುಳಿಗೆ ಬೆಲ್ಲ, ಪೇಪರನ್ನು ಮೊದಲು ಯಾರು ಬಿಡಿಸುವುದು, ಯಾವುದೂ ಆದೀತು. ಹನ್ನೆರಡನೆಯ ತಿಂಗಳು, ಧನುರ್ಮಾಸದಲ್ಲಿ, ಬೆಳಗಿನ ಜಾವ ಹಜಾರದ ಉಯ್ಯಾಲೆಯ ಮೇಲೆ ಇಬ್ಬರೂ ಅಕ್ಕಪಕ್ಕ ಕುಳಿತು ಹೂ ಕಟ್ಟುತ್ತಿದ್ದರು. ಹಿಂದಿನ ಸಂಜೆಯೇ ಬಾಳೆನಾರನ್ನು ಹಿತ್ತಾಳೆ ಲೋಟದಲ್ಲಿ ನೆನೆಹಾಕುವುದು ಚಂಪಾ ಅವರ ಕೆಲಸ. ಹೂ ಕೊಯ್ಯುವುದು ಮಾಮಿಯದು. ಆ ಒಂದು ಗಂಟೆ ಮನೆಯಲ್ಲಿ ಜಗಳವಿಲ್ಲ. ಹುಗ್ಗಿ ಬೇಯುವ ಪರಿಮಳ ಮಾತ್ರ.

‘ವಾಸನೆ ಇಲ್ಲದ ಹೂ ದೇವರಿಗೆ ಆಗತ್ತಾ ಮಾಮಿ?’ ಎಂದು ನಾನೊಮ್ಮೆ ಕೇಳಿದ್ದೆ.

‘ಮಾರ್ಗಳಿ ಚಳೀಲಿ ದೇವರಿಗೂ ಜಲದೋಷಮ್ಮಾ. ವಾಸನೆ ಎಲ್ಲಿ ತಿಳೀತದೆ?’ ಎಂದರು ಮಾಮಿ.

ಚೆನ್ನೈಯವರು ಡಿಸೆಂಬರ್ ಪೂ ಅನ್ನುವ ಇದನ್ನು ನಮ್ಮ ಕಡೆ ಸ್ಫಟಿಕದ ಹೂ ಅನ್ನುತ್ತೇವೆ. ಸೊಂಟದೆತ್ತರದ ಪೊದೆ. ಎಲೆ ಜೋಡಿ ಜೋಡಿ, ಮುಟ್ಟಿದರೆ ಸ್ವಲ್ಪ ಒರಟು. ಹೂವಿನ ಬುಡದಲ್ಲಿ ಗರಗಸದ ಅಂಚಿನ ಪುಟ್ಟ ಹಸಿರೆಲೆಗಳಿರುತ್ತವೆ. ನೋಡಿದರೆ ಮುಳ್ಳು, ಮುಟ್ಟಿದರೆ ಮೆತ್ತಗೆ. ಇದನ್ನು ಕಂಡೇ ಎಷ್ಟೋ ಜನ ಮುಳ್ಳುಗೋರಂಟೆ ಎಂದು ದೂರ ಸರಿಯುತ್ತಾರೆ. ಗೋರಂಟೆಗೆ ನಿಜವಾದ ಮುಳ್ಳಿದೆ, ಹೂ ಹಳದಿ. ಇದರ ಹೂ ಸಾಮಾನ್ಯವಾಗಿ ನೇರಳೆ, ಇಲ್ಲ ಬಿಳಿ. ಮಾಮಿಯ ಕಾಂಪೌಂಡಿನಲ್ಲಿ ಎರಡೂ ಇದ್ದವು. ಆದರೆ ಬಾವಿಯ ಪಕ್ಕದ ಒಂದು ಪೊದೆ ಮಾತ್ರ ಬೇರೆ: ಬಿಳಿಯ ಮೇಲೆ ನೇರಳೆ ಗೆರೆ, ಬಿಳಿ ಮಲ್ ಬಟ್ಟೆಯನ್ನು ಬಣ್ಣ ಬಿಡುವ ಸೀರೆಯ ಜೊತೆ ಒಗೆದರೆ ಆಗುತ್ತದಲ್ಲ, ಹಾಗೆ. ಒಂದು ಹೂವಿನ ಗೆರೆ ಇನ್ನೊಂದರಲ್ಲಿಲ್ಲ. ಅದನ್ನು ಅವರಿಬ್ಬರೂ ‘ಪಟ್ಟೆ’ ಎಂದು ಕರೆಯುತ್ತಿದ್ದರು. ನಲವತ್ತು ವರ್ಷದ ಹಿಂದೆ ಚಂಪಾ ಆಫೀಸಿನಿಂದ ಬರುವಾಗ ಯಾರದೋ ಗೇಟಿನಾಚೆಯಿಂದ ಒಂದು ಕಡ್ಡಿ ಮುರಿದುಕೊಂಡು ತಂದದ್ದು. ನೆಟ್ಟದ್ದು ಮಾಮಿ. ಗಿಡ ತಂದವಳದ್ದೋ ನೆಟ್ಟವಳದ್ದೋ ಎಂಬ ಜಗಳ ಮಾತ್ರ ಧನುರ್ಮಾಸದಲ್ಲೂ ನಡೆಯುತ್ತಿತ್ತು. ಅದಕ್ಕೆ ರಿಯಾಯಿತಿ ಇತ್ತು.

ಆ ವರ್ಷ ಮನೆ ಬಿಲ್ಡರಿಗೆ ಹೋಯಿತು. ಬಂದ ಹಣದಲ್ಲಿ ಟಿ. ನಗರದ ಒಂದೇ ಕಟ್ಟಡದಲ್ಲಿ ಎರಡು ಸಣ್ಣ ಫ್ಲ್ಯಾಟು ಕೊಂಡರು: ಮೊದಲ ಮಹಡಿಯಲ್ಲಿ ಮಾಮಿಗೊಂದು, ಮೂರನೆಯದರಲ್ಲಿ ಚಂಪಾಗೊಂದು. ನಾನೂ ಹಳೆಯ ಮನೆಯಿಂದ ಎರಡು ಬೀದಿ ಆಚೆ ಒಂದು ಅಂಗಡಿ ನೋಡಿದೆ. ಖಾಲಿ ಮಾಡುವ ವಾರ ಫೆಬ್ರವರಿ. ಹೂವಿನ ಕಾಲ ಮುಗಿದು ಎಲ್ಲ ಪೊದೆಗಳೂ ಬರಿ ಎಲೆ. ಹೂವಿಲ್ಲದಾಗ ಪಟ್ಟೆಗೂ ನೇರಳೆಗೂ ನನ್ನ ಕಣ್ಣಿಗೆ ವ್ಯತ್ಯಾಸವೇ ಇರಲಿಲ್ಲ.

ಮಾಮಿ ಬಾವಿಯ ಪಕ್ಕದ ಪೊದೆಯಿಂದ ಒಂದು ಹಿಡಿ ಕಡ್ಡಿ ಕತ್ತರಿಸಿದರು. ತಮ್ಮ ಹಳೆಯ ರೇಷ್ಮೆ ಸೀರೆಯ ಅಂಚನ್ನು ಹೊಸೆದು ಮಾಡಿದ ಕೆಂಪು ದಾರ ಸುತ್ತಿ ಕಟ್ಟಿದರು.

‘ಇದು ಪಟ್ಟೆ. ಫ್ಲ್ಯಾಟಲ್ಲಿ ನಮಗೆ ಬಿಸಿಲೇ ಬೀಳಲ್ಲ. ನೀನು ಬೆಳಸು ಮಂಜುಳಾ. ಮುಂದಿನ ಮಾರ್ಗಳಿ ಮೊದಲನೇ ಶುಕ್ರವಾರ ಹೂ ತಂದುಕೊಡು. ಬೇರೆ ಏನೂ ಬೇಡ.’

‘ನಾರು ನಾನು ಇಡ್ತೇನೆ,’ ಎಂದರು ಚಂಪಾ, ಬಾಗಿಲಲ್ಲಿ ನಿಂತು.

ನಾನು ಬರಿಗೈಯಲ್ಲಿ ಬರುವವಳೇ? ನೇರಳೆಯದೊಂದು ಹಿಡಿ, ಬಿಳಿಯದೊಂದು ಹಿಡಿ, ದಾರ ಗೀರ ಕಟ್ಟದೆ, ನಾನೇ ಕತ್ತರಿಸಿಕೊಂಡೆ. ಸುಮ್ಮನೆ ಜೆಸಿಬಿಯ ಕೆಳಗೆ ಹೋಗುವುದಲ್ಲ. ಮೂರು ಹಿಡಿ, ಮೂರು ಬಕೆಟ್ಟು ನೀರು, ಹೊಸ ಅಂಗಡಿಯ ಹಿಂಬಾಗಿಲಲ್ಲಿ.

ಮರುದಿನ ಸಂಜೆ ಒಬ್ಬ ಗಿರಾಕಿಗೆ ನೀಲಿ ರೇಷ್ಮೆ ಬ್ಲೌಸು ಕೊಡಬೇಕಿತ್ತು. ಬೆನ್ನಿಗೆ ಕಟ್ಟುವ ದಾರಕ್ಕೆ ಸೀರೆಯ ಅಂಚಿನ ಕೆಂಪೇ ಬೇಕು ಎಂದಿದ್ದರು. ಅಂಥ ಕೆಂಪು ಪುರಸೈವಾಕ್ಕಂನ ಮೂರು ಅಂಗಡಿಯಲ್ಲೂ ಸಿಗಲಿಲ್ಲ. ಅಂಗಡಿಗೆ ವಾಪಸು ಬಂದು ನೋಡುತ್ತೇನೆ, ಬಕೆಟ್ಟಿನಲ್ಲಿ ಮಾಮಿಯ ದಾರ! ಅಳತೆಗೆ ಅಳತೆ, ಬಣ್ಣಕ್ಕೆ ಬಣ್ಣ. ಬಿಚ್ಚಿ, ಒಣಗಿಸಿ, ಇಸ್ತ್ರಿ ಹಾಕಿ, ತುದಿಗೆ ಗೊಂಡೆ ಕಟ್ಟಿದೆ. ಎಡಗಡೆಯ ಬಕೆಟ್ಟು ಪಟ್ಟೆ ಎಂದು ಮನಸ್ಸಿನಲ್ಲೇ ಗುರುತು ಇಟ್ಟುಕೊಂಡೆ. ಗಿರಾಕಿ ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿ ಇಪ್ಪತ್ತು ರೂಪಾಯಿ ಹೆಚ್ಚೇ ಕೊಟ್ಟರು. ನನಗೆ ಬಹಳ ಹೆಮ್ಮೆಯಾಯಿತು.

ಬುಧವಾರ ನೀರಿನ ಲಾರಿ ಬಂತು. ಚೆನ್ನೈಯಲ್ಲಿ ಲಾರಿ ಬಂದರೆ ಮನುಷ್ಯರಿಗೆ ಬೇರೆ ಯೋಚನೆ ಇರುವುದಿಲ್ಲ. ಬಕೆಟ್ಟು ಬೇಕಾಯಿತು, ಮೂರರ ಕಡ್ಡಿಗಳನ್ನೂ ಒಂದೇ ಬಕೆಟ್ಟಿಗೆ ತುರುಕಿ ಎರಡನ್ನು ಎತ್ತಿಕೊಂಡು ಓಡಿದೆ. ನೀರು ತುಂಬಿ, ಪಕ್ಕದ ಅಂಗಡಿಯವಳಿಗಿಂತ ನಾಲ್ಕು ಕೊಡ ಹೆಚ್ಚು ಹಿಡಿದು, ಗೆದ್ದ ಮುಖ ಮಾಡಿಕೊಂಡು ಹಿಂದಿರುಗಿ ಆ ಬಕೆಟ್ಟನ್ನು ನೋಡಿದಾಗಲೇ ನನಗೆ ತಿಳಿದದ್ದು, ಪಟ್ಟೆ ಯಾವುದೆಂದು ಹೇಳಲು ಒಂದು ಗುರುತೂ ಉಳಿದಿಲ್ಲ ಎಂದು.

ಮಗಳು ಚಾರು ಫೋನಿನಲ್ಲಿ ಎಲೆಯ ಫೋಟೋ ತೆಗೆದು ಹುಡುಕಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಫೋನು ಠೀವಿಯಿಂದ ಬಾರ್ಲೇರಿಯಾ ಕ್ರಿಸ್ಟಾಟಾ ಎಂದಿತು.

‘ಅದು ನಂಗೂ ಗೊತ್ತು. ಯಾವ ಬಣ್ಣ ಕೇಳು.’

‘ಕಲರ್ ಎಲ್ಲಾಂ ಅದುಕ್ಕು ತೆರಿಯಾದು ಮಾ. ಪೂ ವಂದಾದಾನ್!’

ಬಣ್ಣವೆಲ್ಲ ಫೋನಿಗೆ ತಿಳಿಯದು, ಹೂ ಬಂದರೆ ತಾನೇ ಗೊತ್ತಾಗುವುದು. ಅಂದರೆ ಹತ್ತು ತಿಂಗಳು ಕಾಯಬೇಕು. ಇದ್ದ ಕಡ್ಡಿಗಳನ್ನೆಲ್ಲ ನೆಟ್ಟೆ, ಯಾವುದಾದರೂ ಒಂದು ಪಟ್ಟೆ ಆಗಲೇಬೇಕಲ್ಲ ಎಂದು. ಹಳೆಯ ಎಣ್ಣೆ ಡಬ್ಬಿ, ಮೊಸರಿನ ಡಬ್ಬಿ, ಬಕೆಟ್ಟು, ಸಿಕ್ಕಿದ್ದರಲ್ಲೆಲ್ಲ. ಇಲ್ಲಿಯವರು ಕತ್ತರಿ ಬಿಸಿಲು ಅನ್ನುವ ಕಡುಬೇಸಿಗೆಯಲ್ಲಿ ಅರ್ಧಕ್ಕರ್ಧ ಒಣಗಿದವು. ಉಳಿದವಕ್ಕೆ ಲೈನಿಂಗಿನ ತುಂಡುಗಳನ್ನು ಸೇರಿಸಿ ಹೊಲಿದು ನೆರಳಿನ ಪರದೆ ಕಟ್ಟಿದೆ. ಹಳದಿ, ಗುಲಾಬಿ, ಗಿಣಿಹಸಿರು. ಎದುರಿನ ಚಹಾದಂಗಡಿಯವನು ‘ಏನಕ್ಕಾ, ಗಿಡಕ್ಕೂ ಬ್ಲೌಸಾ?’ ಎಂದು ನಗುತ್ತಿದ್ದ. ಕೊನೆಗೆ ಹನ್ನೆರಡು ಬೇರು ಬಿಟ್ಟವು.

ಪ್ರತಿ ಶುಕ್ರವಾರ ಮಾಮಿಯ ಫೋನು. ‘ಪಟ್ಟೆ ಹೇಗಿದ್ದಾಳೆ?’

‘ಚೆನ್ನಾಗಿದ್ದಾಳೆ ಮಾಮಿ. ಚಿಗುರಿದ್ದಾಳೆ.’

ಸುಳ್ಳಲ್ಲ. ಹನ್ನೆರಡರಲ್ಲಿ ಅವಳೂ ಇದ್ದರೆ ಚಿಗುರಿಯೇ ಇರುತ್ತಾಳೆ.

ಮೇ ತಿಂಗಳ ಒಂದು ಶುಕ್ರವಾರ ಮಾಮಿಯ ದನಿ ಬೇರೆ ಥರ ಇತ್ತು. ಇದ್ದದ್ದು ಒಂದೇ ಉಯ್ಯಾಲೆ, ಫ್ಲ್ಯಾಟು ಎರಡು. ಮೊದಲ ಮಹಡಿಗೆ ಹತ್ತಿಸುವುದು ಸುಲಭ ಎಂದು ಕೂಲಿಯವರು ಮಾಮಿಯ ಹಜಾರದಲ್ಲೇ ತೂಗುಹಾಕಿ ಹೋದರು. ‘ಅದು ನಮ್ಮಪ್ಪ ಮಾಡಿಸಿದ್ದು’ ಎಂದು ಚಂಪಾ. ‘ನಲವತ್ತು ವರ್ಷ ಒರೆಸಿದ್ದು ನಾನು’ ಎಂದು ಮಾಮಿ. ಚಂಪಾ ಮೂರನೆಯ ಮಹಡಿಗೆ ಹತ್ತಿಹೋದವರು ಆಮೇಲೆ ಇಳಿದು ಬಂದಿಲ್ಲ.

‘ಒಂದು ಮಾತು ಆಡಿ ಕರೀಬಹುದಲ್ಲ ಮಾಮಿ.’

‘ನಾನಾಗಿ ಹತ್ತಲ್ಲ. ಅವಳಾಗಿ ಇಳಿಯಲ್ಲ. ಮಾರ್ಗಳಿ ಬರ್ಲಿ, ನೀನು ಪಟ್ಟೆ ಹೂ ತಂದುಕೊಡು. ಅದಕ್ಕಾದ್ರೆ ಇಳೀತಾಳೆ. ನೇರಳೆಗೆಲ್ಲ ಇಳಿಯೋಳಲ್ಲ ಅವಳು.’

ಫೋನಿಟ್ಟು ಹನ್ನೆರಡು ಡಬ್ಬಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತೆ. ಅಲ್ಲಿಯವರೆಗೆ ಅದು ಒಂದು ಗಿಡದ ಮಾತಾಗಿತ್ತು. ಈಗ ಇಬ್ಬರು ಮುದುಕಿಯರ ನಡುವಿನ ಎರಡು ಮಹಡಿ ಮೆಟ್ಟಿಲು ನನ್ನ ತಲೆಯ ಮೇಲೆ ಬಂದು ಕೂತಿತು.

ಆಡಿ ತಿಂಗಳು ಬಂತು, ನಮ್ಮ ಆಷಾಢ. ಆಡಿ ರಿಯಾಯಿತಿಯಲ್ಲಿ ಊರಿಗೆ ಊರೇ ಸೀರೆ ಕೊಳ್ಳುತ್ತದೆ. ಸೀರೆ ಕೊಂಡವರೆಲ್ಲ ಬ್ಲೌಸಿಗೆ ಬರುತ್ತಾರೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹಿಂಬಾಗಿಲಿಗೆ ಡಬ್ಬಿ ಇಡಬಾರದು ಎಂದು ಅಂಗಡಿಯ ಯಜಮಾನರು ಬೇರೆ ಹೇಳಿಕಳಿಸಿದರು. ಮನೆಯ ಬಾಲ್ಕನಿಯಲ್ಲಿ ನಾಲ್ಕು ಹಿಡಿಯುತ್ತವೆ, ಅಷ್ಟೆ. ನಾನು ಬಟ್ಟೆ ಆರಿಸುವವಳ ಹಾಗೆ ಆರಿಸಿದೆ. ಕಾಂಡ ಗಟ್ಟಿಯಿದ್ದ, ಎಲೆ ಕಪ್ಪಗೆ ಹೊಳೆಯುತ್ತಿದ್ದ ನಾಲ್ಕನ್ನು ಇಟ್ಟುಕೊಂಡೆ. ಮಾಮಿಯ ಗಿಡ ನಲವತ್ತು ವರ್ಷ ಬಾಳಿದ್ದಲ್ಲವೇ, ಗಟ್ಟಿಯದೇ ಇರಬೇಕು ಎಂದು ನನ್ನ ಲೆಕ್ಕ. ಉಳಿದ ಎಂಟನ್ನು ಗಿರಾಕಿಗಳಿಗೆ ಹಂಚಿದೆ. ಪುಕ್ಕಟೆ ಅಲ್ಲ. ಪುಕ್ಕಟೆ ಬಂದ ಗಿಡಕ್ಕೆ ಯಾರೂ ನೀರು ಹಾಕುವುದಿಲ್ಲ. ಒಬ್ಬರಿಂದ ಮಾವಿನಕಾಯಿ ತೊಕ್ಕು, ಒಬ್ಬರಿಂದ ಹಳೆಯ ಕುಂಡ, ಹೀಗೆ ಏನಾದರೂ ವಸೂಲಿ ಮಾಡಿಯೇ ಕೊಟ್ಟೆ.

ಎಲ್ಲಕ್ಕಿಂತ ಬಡಕಲು ಗಿಡ, ಮೂರೇ ಎಲೆಯದು, ನಮ್ಮ ಬೀದಿ ಮೂಲೆಯಲ್ಲಿ ಹೂ ಮಾರುವ ಸೆಲ್ವಿಗೆ ಹೋಯಿತು. ಅದಕ್ಕೂ ಒಂದು ಮೊಳ ಮಲ್ಲಿಗೆ ಕೇಳಿದೆ.

‘ಸಾಯ್ತಾ ಇರೋ ಗಿಡಕ್ಕೆ ಮೊಳ ಮಲ್ಲಿಗೆಯಾ? ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕಾ,’ ಎಂದು ಅವಳು ತಮಿಳಿನಲ್ಲಿ ಬೈದು, ಮೊಳವನ್ನು ಅರ್ಧ ಗೇಣು ಕಡಿಮೆ ಅಳೆದು ಕೊಟ್ಟಳು.

ಅಕ್ಟೋಬರಿನಲ್ಲಿ ಮಳೆ ಶುರುವಾಯಿತು. ಆ ವರ್ಷ ಬೀದಿಯಲ್ಲಿ ಮೊಣಕಾಲುದ್ದ ನೀರು. ಮೆಷಿನ್ನುಗಳನ್ನು ಇಟ್ಟಿಗೆಯ ಮೇಲೆ ಏರಿಸಿ, ಮೋಟರನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆವು. ನಾಲ್ಕು ಗಿಡಗಳು ಮನೆಯ ಒಳಗೆ, ಊಟದ ಮೇಜಿನ ಮೇಲೆ. ನನ್ನ ಗಂಡ ಆಫೀಸಿನಿಂದ ನೆನೆದು ಬಂದು ಗಿಡಗಳ ಮಧ್ಯೆ ತಟ್ಟೆಗೆ ಜಾಗ ಹುಡುಕುತ್ತ, ‘ಇವರೆಲ್ಲ ಊಟ ಆದ್ಮೇಲೆ ನಾನು ಮಾಡ್ಲಾ?’ ಎಂದು ಕೇಳಿದರು. ನಾನು ಎಲೆ ಸರಿಸಿ ಸರಿಸಿ ಮೊಗ್ಗು ಹುಡುಕುತ್ತಿದ್ದೆ. ನವೆಂಬರು ಕಳೆಯುವ ಹೊತ್ತಿಗೆ ಮೊಗ್ಗು ಕಂಡಿತು. ಡಿಸೆಂಬರಿನ ಮೊದಲ ವಾರ ಒಂದೊಂದೇ ಬಿರಿದವು. ನೇರಳೆ. ನೇರಳೆ. ಬಿಳಿ. ನೇರಳೆ.

ಅಳುವಷ್ಟು ಬಿಡುವಿರಲಿಲ್ಲ. ನರ್ಸರಿಗಳಲ್ಲಿ ಆಗ ಇದ್ದದ್ದೂ ನೇರಳೆ, ಬಿಳಿ ಅಷ್ಟೆ. ಚಾರುವಿನ ಸ್ಕೂಟರಿನ ಹಿಂದೆ ಕುಳಿತು ಗಿಡ ಕೊಟ್ಟ ಮನೆಗಳ ಬಾಗಿಲು ತಟ್ಟಿದೆ. ಮೂರು ಮನೆಯಲ್ಲಿ ನೇರಳೆ. ಒಂದರಲ್ಲಿ ಬಿಳಿ. ಒಂದರಲ್ಲಿ ಸತ್ತಿತ್ತು. ಇನ್ನೊಬ್ಬರು ಕುಂಡ ಇಟ್ಟುಕೊಂಡು ಗಿಡ ಎಸೆದಿದ್ದರು, ಅದರಲ್ಲಿ ಪುದೀನ ಬೆಳೆದಿತ್ತು. ‘ಬೇಕಾದ್ರೆ ಪುದೀನ ತಗೊಂಡು ಹೋಗಿ’ ಎಂದರು, ತಗೊಂಡು ಬಂದೆ. ಏಳನೆಯವರು ನವರಾತ್ರಿಗೆ ಚೆಂದ ಕಾಣಲಿ ಎಂದು ಗಿಡವನ್ನು ಗುಂಡಗೆ ಕತ್ತರಿಸಿದ್ದರು. ಒಂದು ಮೊಗ್ಗೂ ಇಲ್ಲ. ಪಟ್ಟೆ ಇದೇ ಆಗಿದ್ದರೆ ಈ ವರ್ಷ ಗೊತ್ತಾಗುವುದೂ ಇಲ್ಲ. ಆ ಗುಂಡು ಗಿಡವನ್ನು ನೋಡುತ್ತ ನಿಂತಾಗ ನನ್ನ ಕತ್ತರಿಯ ಮೇಲೇ ನನಗೆ ಸಿಟ್ಟು ಬಂತು.

ಎಂಟನೆಯವಳಾದ ಸೆಲ್ವಿಯನ್ನು ನಾನು ಕೇಳಲೇ ಇಲ್ಲ. ಮೂರೆಲೆಯ ಆ ಗಿಡ ಮಳೆಯವರೆಗೂ ಬದುಕಿರಲಾರದು ಎಂದು ನನಗೆ ಖಾತ್ರಿ. ದಿನವೂ ಅವಳ ಮುಂದೆಯೇ ಹಾದುಹೋಗುತ್ತಿದ್ದೆ.

ಧನುರ್ಮಾಸ ಶುರುವಾಯಿತು. ಮೊದಲನೇ ಶುಕ್ರವಾರಕ್ಕೆ ಎರಡು ದಿನ ಇತ್ತು. ಬೆಳಿಗ್ಗೆ ಸೆಲ್ವಿಯ ಬಳಿ ಹೂ ಕೊಳ್ಳುತ್ತ ಎಂದಿನಂತೆ ಮೊಳವನ್ನು ಅವಳ ಕೈಯಿಂದ ಬೇಡ, ನನ್ನ ಕೈಯಿಂದ ಅಳೆಯಬೇಕು ಎಂದು ಜಗಳ ತೆಗೆದಿದ್ದೆ. ಚಿಲ್ಲರೆ ಹುಡುಕಲು ಅವಳು ಬುಟ್ಟಿಯ ಕಡೆ ತಿರುಗಿದಳು. ತುರುಬಿನಲ್ಲಿ ಬಿಳಿಯ ಮೇಲೆ ನೇರಳೆ ಗೆರೆ.

‘ಸೆಲ್ವೀ, ಇದೆಲ್ಲಿ ಸಿಕ್ತು?’

‘ಎಲ್ಲಿ ಅಂದ್ರೆ? ನೀನೇ ಕೊಟ್ಟಿದ್ದಲ್ವಾ. ಮೊಳ ಮಲ್ಲಿಗೆ ಕಿತ್ಕೊಂಡು.’

‘ವಾರದಿಂದ ಊರೆಲ್ಲ ಹುಡುಕ್ತಾ ಇದೀನಲ್ಲೇ! ಹೇಳಬಾರದಾ?’

‘ನೀ ಕೇಳಿದ್ಯಾ ಅಕ್ಕಾ? ನೀ ದಿನಾ ಕೇಳೋದು ಮಲ್ಲಿಗೆ ಎಷ್ಟು ಅಂತ. ಅದಕ್ಕೆ ಉತ್ತರ ಹೇಳ್ತಾ ಇದೀನಿ.’

ಮರುದಿನ ಬೆಳಿಗ್ಗೆ ಕೋಯಂಬೇಡಿನ ಹತ್ತಿರದ ಅವಳ ಮನೆಗೆ ಹೋದೆ. ಮಾರ್ಕೆಟ್ಟಿನ ಸದ್ದು ಅಲ್ಲಿಯವರೆಗೂ ಕೇಳುತ್ತದೆ. ಹೊರಮೆಟ್ಟಿಲ ಪಕ್ಕ ಒಂದು ಪೇಂಟ್ ಬಕೆಟ್ಟು, ಅದರ ತುಂಬ ಪಟ್ಟೆ. ಮೂರೆಲೆಯ ಗಿಡ ನನ್ನ ಸೊಂಟಕ್ಕೆ ಬಂದಿತ್ತು. ಹೂವಿನ ಬುಟ್ಟಿಗಳನ್ನು ತೊಳೆದ ನೀರು, ಬಾಡಿದ ದಳ, ಅಷ್ಟೇ ಅದರ ಗೊಬ್ಬರ. ನಾನು ಅಷ್ಟೆಲ್ಲ ಹಿಂಡಿ ಹಾಕಿ ಸಾಕಿದ ನನ್ನ ನಾಲ್ಕೂ ಅದರ ಅರ್ಧ ಇರಲಿಲ್ಲ.

‘ಹೂ ಇಲ್ಲದಾಗ ಇದನ್ನ ಗುರುತು ಹಿಡಿಯೋಕೆ ಆಗಲ್ಲ ಅಲ್ವಾ?’ ಎಂದೆ, ನನ್ನ ತಪ್ಪನ್ನು ಸ್ವಲ್ಪ ಹಗುರ ಮಾಡಿಕೊಳ್ಳಲು.

‘ಯಾಕಾಗಲ್ಲ?’ ಸೆಲ್ವಿ ಒಂದು ಎಳೆಯ ರೆಂಬೆ ಬಗ್ಗಿಸಿ ಗೆಣ್ಣು ತೋರಿಸಿದಳು. ‘ನೇರಳೆ ಹೂವಿನ ಗಿಡಕ್ಕೆ ಇಲ್ಲೆಲ್ಲ ಕಪ್ಪುಗೆಂಪು ಇರತ್ತೆ. ಬಿಳೀದಕ್ಕೆ ಬರಿ ಹಸಿರು. ಇದು ನೋಡು, ಹಸಿರಲ್ಲಿ ಒಂದೊಂದು ಕಡೆ ಗೀಟು ಎಳೆದ ಹಾಗೆ. ನೀ ಕೊಟ್ಟ ದಿನವೇ ನಂಗೆ ತಿಳೀತು. ಅದಕ್ಕೇ ಮಲ್ಲಿಗೆ ಕೊಟ್ಟೆ. ಇಲ್ಲಾಂದ್ರೆ ನಿಂಗೆ ಕೊಡ್ತಿದ್ನಾ?’

ಇಷ್ಟು ವರ್ಷ ಚೌಕಾಸಿ ಮಾಡಿದವಳು ನಾನು. ಮೂರೆಲೆ ನೋಡಿ ಸರಕು ಗುರುತಿಸಿದವಳು ಅವಳು.

ಗಿಡ ಕೊಡಲು ಅವಳು ಒಪ್ಪಲಿಲ್ಲ. ತಿಂಗಳು ಪೂರ್ತಿ ದಿನಕ್ಕೊಂದು ಹಿಡಿ ಹೂ, ಪೊಂಗಲ್ ಕಳೆದ ಮೇಲೆ ಆರು ಕಡ್ಡಿ. ಬದಲಿಗೆ ಮನೆಯಲ್ಲಿ ಎಷ್ಟು ಹೆಂಗಸರೋ ಅಷ್ಟು ಬ್ಲೌಸು, ಪೊಂಗಲಿಗೆ ಮುಂಚೆ.

‘ಎಷ್ಟು ಜನ ನೀವು?’

‘ಅಮ್ಮ, ಅತ್ತೆ, ಮೂರು ಜನ ಅಕ್ಕತಂಗಿ, ಇಬ್ಬರು ಸೊಸೆ, ನಾದಿನಿ, ಅವಳ ಇಬ್ಬರು ಹೆಣ್ಣುಮಕ್ಕಳು. ನಾನು.’

ಅತ್ತೆ ಊರಲ್ಲಿದ್ದಾರಲ್ಲ, ಅವರು ಲೆಕ್ಕಕ್ಕಿಲ್ಲ ಎನ್ನಲು ಬಾಯಿ ತೆರೆದೆ. ಆಗಲೇ ಫೋನು ಬಂತು. ಮಾಮಿ.

‘ಮಂಜುಳಾ, ನಾಳೆ ತಾನೇ? ನಿಜವಾ? ನಾನು ಹುಗ್ಗಿಗೆ ಎರಡು ಪಾಲು ಹೆಸರುಬೇಳೆ ಹುರಿದಿಟ್ಟೆ.’

‘ನಾಳೆಯೇ ಮಾಮಿ,’ ಎಂದೆ. ಸೆಲ್ವಿಯ ಕಡೆ ನೋಡಿ ಹನ್ನೊಂದಕ್ಕೂ ತಲೆಯಾಡಿಸಿದೆ. ‘ಮೂರಕ್ಕೆ ಗೊಂಡೆ,’ ಎಂದಳು ಅವಳು. ಅದಕ್ಕೂ ಆಡಿಸಿದೆ.

ಶುಕ್ರವಾರ ಬೆಳಕು ಹರಿಯುವಾಗ ಟಿ. ನಗರದ ಆ ಫ್ಲ್ಯಾಟಿನಲ್ಲಿದ್ದೆ. ಮಾಮಿ ಬಾಳೆಲೆಯ ಪೊಟ್ಟಣವನ್ನು ಬಿಚ್ಚಿ ತಟ್ಟೆಗೆ ಸುರಿದರು. ಒಂದೊಂದೇ ಹೂ ತಿರುಗಿಸಿ ಗೆರೆ ನೋಡಿದರು. ನನಗೆ ತಡೆಯಲಾಗಲಿಲ್ಲ. ನೀಲಿ ರೇಷ್ಮೆ ಬ್ಲೌಸಿಗೆಂದು ದಾರ ಬಿಚ್ಚಿದ್ದು, ಲಾರಿ, ಬಕೆಟ್ಟು, ಹಂಚಿದ್ದು, ಹತ್ತು ತಿಂಗಳು ಶುಕ್ರವಾರಕ್ಕೊಂದು ‘ಚೆನ್ನಾಗಿದ್ದಾಳೆ’ ಹೇಳಿದ್ದು, ಎಲ್ಲ ಒದರಿದೆ.

‘ಆ ಕೆಂಪು ದಾರ ಬ್ಲೌಸಿಗೆ ಹಾಕಿದ್ಯಾ?’

‘ಹೂಂ ಮಾಮಿ.’

‘ನೀಲಿ ರೇಷ್ಮೆಗಾ? ಚೆನ್ನಾಗಿ ಬಂತಾ?’

‘ತುಂಬ ಚೆನ್ನಾಗಿ ಬಂತು ಮಾಮಿ.’

‘ಬಂದೇ ಬರತ್ತೆ. ನನ್ನ ಮದುವೆ ಸೀರೆ ಅಂಚು ಅದು,’ ಎಂದು ನಕ್ಕರು. ಆಮೇಲೆ ಎದ್ದು ಮುಂಬಾಗಿಲನ್ನು ಪೂರ್ತಿ ತೆರೆದು, ಮೆಟ್ಟಿಲ ಕಡೆಗೆ ಮುಖ ಮಾಡಿ, ಮೂರು ಮಹಡಿಗೂ ಕೇಳುವ ಹಾಗೆ, ‘ಅಯ್ಯೋ ಪಟ್ಟೆ ಹೂ ಎಷ್ಟೊಂದು ತಂದಿದೀಯಮ್ಮಾ! ಒಬ್ಬಳೇ ಹೇಗೆ ಕಟ್ಲಿ?’ ಎಂದರು.

ಕುಕ್ಕರು ಒಂದು ಸಲ ಕೂಗಿತು. ಮಾಮಿ ಉಯ್ಯಾಲೆಯ ಒಂದು ತುದಿಯಲ್ಲಿ ಕುಳಿತು, ಇನ್ನೊಂದು ತುದಿಯ ಮೇಲಿದ್ದ ಪೇಪರನ್ನು ಎತ್ತಿ ನೆಲಕ್ಕಿಟ್ಟರು. ಕುಕ್ಕರು ಎರಡನೆಯ ಸಲ ಕೂಗುವಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ನಿಧಾನ. ಒಂದು ಮಹಡಿ, ನಿಂತು, ಇನ್ನೊಂದು.

ಚಂಪಾ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಹಿತ್ತಾಳೆ ಲೋಟ, ಲೋಟದಲ್ಲಿ ಬಾಳೆನಾರು. ನಾರು ನೆನೆದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅದು ಆಗ ತಾನೇ ಕೂಗು ಕೇಳಿ ಹಾಕಿದ ನಾರಲ್ಲ, ಮಾರ್ಗಳಿ ಹುಟ್ಟಿದ ದಿನದಿಂದ ನೆನೆಯುತ್ತಿದ್ದ ನಾರು.

‘ನಿನಗೆ ಗಂಟು ಹಾಕೋಕೆ ಯಾವತ್ತು ಬಂದಿದೆ ಅತ್ತಿಗೆ? ಸುಮ್ನೆ ಹೂ ಹಾಳು,’ ಎಂದರು. ಹೋಗಿ ಉಯ್ಯಾಲೆಯ ಆ ತುದಿಯಲ್ಲಿ ಕುಳಿತರು. ಅವರು ಕೇಳಲಿಲ್ಲ, ಮಾಮಿ ಕರೆಯಲಿಲ್ಲ. ಎರಡು ಹೂ ಕಟ್ಟಿ, ಮೂರನೆಯದನ್ನು ಹಿಡಿದುಕೊಂಡು, ‘ಗಿಡ ತಂದದ್ದು ಯಾರು, ಅದು ಹೇಳು,’ ಎಂದರು.

‘ನೆಟ್ಟದ್ದು ಯಾರು?’ ಎಂದರು ಮಾಮಿ.

ನಾನು ಅಡುಗೆಮನೆಗೆ ಹೋಗಿ ಒಲೆ ಸಣ್ಣ ಮಾಡಿದೆ.

ಈಗ ನೀವು ಬೆಳೆಸುವುದಾದರೆ ಕೇಳಿ. ಕಡ್ಡಿಯನ್ನು ಹೂ ಮುಗಿದ ಮೇಲೆ ತೆಗೆದುಕೊಳ್ಳಿ, ಪೆನ್ಸಿಲ್ ದಪ್ಪ, ಮೂರು ಗೆಣ್ಣು, ಕೆಳಗಿನ ಎರಡು ಮಣ್ಣಿನೊಳಗೆ. ಬೇರು ಬರುವವರೆಗೆ ನೆರಳು, ಬಂದ ಮೇಲೆ ಬಿಸಿಲು. ತುದಿ ಚಿವುಟುವುದಿದ್ದರೆ ಆಡಿಯೊಳಗೆ ಚಿವುಟಿ ಮುಗಿಸಿ. ಆಮೇಲೆ ಕತ್ತರಿಯನ್ನು ಎಲ್ಲಾದರೂ ಬಚ್ಚಿಡಿ, ನವರಾತ್ರಿಗೆ ಗಿಡವನ್ನು ಅಲಂಕರಿಸುವ ಆಸೆ ಬೇಡ. ಕಡಲೆಹಿಂಡಿ ನೀರು ತಿಂಗಳಿಗೊಂದು ಲೋಟ ಸಾಕು, ಜಾಸ್ತಿಯಾದರೆ ಬರಿ ಎಲೆ. ಹೂವಿನ ಬುಡದ ಒಣಗಿದ ಗರಗಸದೆಲೆಗಳನ್ನು ಕಸ ಎಂದು ಕೀಳಬೇಡಿ, ಅದರ ಸಂದಿಯಲ್ಲೇ ಮುಂದಿನ ಮೊಗ್ಗಿರುತ್ತದೆ. ನರ್ಸರಿಯವನು ಹೂವಿಲ್ಲದ ಗಿಡ ತೋರಿಸಿ ‘ಪಟ್ಟೆ’ ಎಂದರೆ ಎಳೆಯ ಗೆಣ್ಣು ನೋಡಿ, ಪೂರ್ತಿ ಕಪ್ಪುಗೆಂಪಾಗಿದ್ದರೆ ನೇರಳೆಯ ಬೆಲೆಗೇ ಕೇಳಿ. ಕುಂಡಕ್ಕೆ ಪೇಂಟಿನಲ್ಲಿ ಹೆಸರು ಬರೆಯಿರಿ. ದಾರ ಕಟ್ಟಿದರೆ ಯಾರಾದರೂ ಬಿಚ್ಚುತ್ತಾರೆ. ಹಂಚಿ, ಖಂಡಿತ ಹಂಚಿ, ಆದರೆ ನಿಮ್ಮ ಹತ್ತಿರ ಇರುವ ಒಳ್ಳೆಯದನ್ನೂ ಹಂಚಿ; ಯಾವುದು ಒಳ್ಳೆಯದೆಂದು ನಿಮಗೆ ಗೊತ್ತಿದೆ ಎಂದುಕೊಳ್ಳಬೇಡಿ. ಕೊಟ್ಟ ಮನೆಗಳ ವಿಳಾಸ ಬರೆದಿಟ್ಟುಕೊಂಡು ಎಲ್ಲರನ್ನೂ ಕೇಳಿ, ಬಡಕಲು ಗಿಡ ಒಯ್ದವರನ್ನು ಮೊದಲು. ಮತ್ತೆ, ನೀವು ಮಾತು ಬಿಟ್ಟವರು ಯಾರಾದರೂ ಮೇಲಿನ ಮಹಡಿಯಲ್ಲೋ ಕೆಳಗಿನದರಲ್ಲೋ ಇದ್ದರೆ, ಹೂ ಬರಲಿ ಎಂದು ಕಾಯಬೇಡಿ. ಮಾರ್ಗಳಿ ಹುಟ್ಟುವ ಹಿಂದಿನ ಸಂಜೆಯೇ ಒಂದು ಲೋಟ ನೀರಿನಲ್ಲಿ ನಾರು ನೆನೆಹಾಕಿಡಿ.